ಯಂತ್ರ ಮಾರಿದ ಮೇಲಿನ ಗಳಿಕೆ

ವೈದ್ಯಕೀಯ ಉಪಕರಣ ಕಂಪನಿಯ ಷೇರನ್ನು ಅಳೆಯುವಾಗ ಎಷ್ಟು ಯಂತ್ರ ಮಾರಾಟವಾಯಿತು ಎಂಬುದಕ್ಕಿಂತ, ಮಾರಿದ ಮೇಲೂ ಅದರಿಂದ ಎಷ್ಟು ಹಣ ಬರುತ್ತಿರುತ್ತದೆ ಎಂಬುದು ಮುಖ್ಯ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೂ ಇರುವ ಡಾ ವಿಂಚಿ ರೋಬೋ ತಯಾರಿಸುವ ಕ್ಯಾಲಿಫೋರ್ನಿಯಾದ ಇಂಟ್ಯೂಟಿವ್ ಸರ್ಜಿಕಲ್ ಇದಕ್ಕೆ ಅತ್ಯುತ್ತಮ ನಿದರ್ಶನ. ರೋಬೋ ತೋಳಿನ ತುದಿಗೆ ಸಿಕ್ಕಿಸುವ ಇಕ್ಕಳ, ಕತ್ತರಿಗಳು ಎಷ್ಟು ಸಲ ಬಳಕೆಯಾದವು ಎಂಬುದನ್ನು ಯಂತ್ರವೇ ಲೆಕ್ಕವಿಡುತ್ತದೆ. ನಿಗದಿಯಾದಷ್ಟು ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಆ ಕತ್ತರಿಯನ್ನು ಅದು ಒಪ್ಪುವುದೇ ಇಲ್ಲ. ಆಸ್ಪತ್ರೆ ಹೊಸದನ್ನು ತರಿಸಲೇಬೇಕು. 2024ರಲ್ಲಿ ಕಂಪನಿಗೆ ಬಂದ ಸುಮಾರು 835 ಕೋಟಿ ಡಾಲರ್ ವರಮಾನದಲ್ಲಿ ಶೇ 84ರಷ್ಟು ಇಂಥ ಸಲಕರಣೆ, ಸರ್ವಿಸ್ ಮತ್ತು ಬಾಡಿಗೆಯದು. ಅದಕ್ಕೂ ಹಿಂದಿನ ವರ್ಷ ರೋಬೋ ಮಾರಾಟದ ವರಮಾನ ಹೆಚ್ಚುಕಡಿಮೆ ನಿಂತಲ್ಲೇ ನಿಂತಿದ್ದರೂ ಒಟ್ಟು ವರಮಾನ ಶೇ 14ರಷ್ಟು ಏರಿತ್ತು. ಒಂದು ಯಂತ್ರದಲ್ಲಿ ಕೈ ಪಳಗಿದ ಸರ್ಜನ್ ಸುಲಭಕ್ಕೆ ಇನ್ನೊಂದಕ್ಕೆ ಹೊರಳುವುದಿಲ್ಲ ಎಂಬುದೂ ಈ ಗಳಿಕೆಗೆ ಕಾವಲು.

ಬೆಲೆ ಯಾರ ಕೈಯಲ್ಲಿದೆ ಎಂಬುದು ಭಾರತದಲ್ಲಿ ಇನ್ನೂ ದೊಡ್ಡ ಪ್ರಶ್ನೆ. 2017ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಔಷಧಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ ಗರಿಷ್ಠ ಬೆಲೆ ಗೊತ್ತುಮಾಡಿತು. ಅಲ್ಲಿಯವರೆಗೆ ಲಕ್ಷ ರೂಪಾಯಿ ಮೀರಿ ತೆತ್ತ ರೋಗಿಗಳೂ ಇದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಕೃತಕ ಮಂಡಿಯ ಸರದಿ ಬಂತು. ರೋಗಿಗೆ ಇದು ಸಲ್ಲಬೇಕಾದ ನ್ಯಾಯವೇ ಸರಿ. ಆದರೆ ಸರ್ಕಾರ ಬೆಲೆ ಇಳಿಸಬಹುದಾದ ಇಂಥ ಸರಕಿನ ಇಂದಿನ ಲಾಭವನ್ನೇ ಹತ್ತು ವರ್ಷಕ್ಕೆ ಗುಣಿಸಿ ಷೇರಿನ ಬೆಲೆ ಕಟ್ಟುವುದು ತಪ್ಪು.

ದೇಹದೊಳಗೆ ಉಳಿಯುವ ಉಪಕರಣಕ್ಕೆ ಬೇರೆಯದೇ ಅಪಾಯವಿದೆ: ಅದು ಕೆಟ್ಟರೆ ರೋಗಿಗಳಿಗೆ ಪರಿಹಾರ ತೆರಬೇಕು. ಜಾನ್ಸನ್ ಅಂಡ್ ಜಾನ್ಸನ್‌ನ ಡೀಪ್ಯೂ ಘಟಕ 2010ರಲ್ಲಿ ತನ್ನ ಎಎಸ್ಆರ್ ಸೊಂಟದ ಕೀಲನ್ನು ವಾಪಸ್ ಕರೆಸಿಕೊಂಡಾಗ ಜಗತ್ತಿನಲ್ಲಿ ಅಂಥ ಸುಮಾರು 93,000 ಕೀಲುಗಳನ್ನು ಅಳವಡಿಸಿ ಆಗಿತ್ತು. ಪರಿಹಾರದ ಹೊರೆಯನ್ನು ಆ ದೈತ್ಯ ಸಂಸ್ಥೆ ತಾಳಿಕೊಂಡಿತು. ಒಂದೇ ಉತ್ಪನ್ನ ನೆಚ್ಚಿದ ಸಣ್ಣ ಕಂಪನಿಗೆ ಆ ತಾಕತ್ತು ಇರುವುದಿಲ್ಲ.

ಉಳಿದದ್ದು ನಗದು. ಆಸ್ಪತ್ರೆಗಳೂ ವಿತರಕರೂ ಬಾಕಿ ತೀರಿಸುವುದು ನಿಧಾನ, ಹಾಗಾಗಿ ಕಾಗದದ ಮೇಲಿನ ಲಾಭ ಕೈಗೆ ಬಂದಿದೆಯೇ ಎಂದು ನೋಡಲೇಬೇಕು. ಬೆಂಗಳೂರಿನ ಆಪ್ಟೋ ಸರ್ಕ್ಯೂಟ್ಸ್ 2010ರಲ್ಲಿ ಅಮೆರಿಕದ ಕಾರ್ಡಿಯಾಕ್ ಸೈನ್ಸ್ ಕಂಪನಿಯನ್ನು ಕೊಂಡು ಪೇಟೆಯ ಕಣ್ಮಣಿಯಾಗಿತ್ತು. ಲಾಭ ಏರುತ್ತಿದ್ದ ಆ ದಿನಗಳಲ್ಲೇ ಬರಬೇಕಾದ ಬಾಕಿಯೂ ಸಾಲವೂ ಬೆಳೆಯುತ್ತಿದ್ದವು. ಕಡೆಗೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಉಪಕರಣ ಕಂಪನಿಯ ವಾರ್ಷಿಕ ವರದಿ ಕೈಗೆ ಬಂದರೆ ಮೊದಲು ತೆರೆಯಬೇಕಾದದ್ದು ನಗದು ಹರಿವಿನ ಪುಟವನ್ನು.