ಗೊಂಬೆ, ನಟರೋಗಿ ಮತ್ತು ಒಂದು ಪದಕೋಶ

ವೈದ್ಯರೂ ದಾದಿಯರೂ ನಿಜವಾದ ರೋಗಿಯನ್ನು ಮುಟ್ಟುವ ಮೊದಲು ಗೊಂಬೆಗಳ ಮೇಲೆ, ಅಥವಾ ರೋಗಿಯ ಪಾತ್ರ ವಹಿಸುವವರೊಡನೆ ಪಳಗುವ ಪದ್ಧತಿಗೆ ಸಿಮ್ಯುಲೇಷನ್ ಎಂದು ಹೆಸರು. ಇದರ ಪರಿಭಾಷೆಗೆಂದೇ ಅಮೆರಿಕದ ಸೊಸೈಟಿ ಫಾರ್ ಸಿಮ್ಯುಲೇಷನ್ ಇನ್ ಹೆಲ್ತ್‌ಕೇರ್ ಸಂಸ್ಥೆ 2016ರಲ್ಲಿ ಒಂದು ಪದಕೋಶವನ್ನು ಹೊರತಂದಿತು. 2020ರಲ್ಲಿ ಅದರ ಎರಡನೆಯ ಆವೃತ್ತಿ ಬಂತು. ಬಿ.ಎಸ್‌ಸಿ. ಮುಗಿಸಿ ಕಡತಗಳ ನಡುವೆ ಕುಳಿತ ನನ್ನಂಥ ಗುಮಾಸ್ತನಿಗೆ ಇದರ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಅರ್ಥದೊಡನೆ ವ್ಯುತ್ಪತ್ತಿಯನ್ನೂ ಕೊಟ್ಟು, ಒಂದು ಪದಕ್ಕೆ ಹಲವು ಅರ್ಥಗಳಿದ್ದರೆ ಎಲ್ಲವನ್ನೂ ನಮೂದಿಸಿರುವುದು ಈ ಕೋಶದ ಗುಣ. ಯಾವುದನ್ನು ಬಿಡಬೇಕೆಂದು ಹೇಳಲು ಹಿಂಜರಿಯುವುದು ಅದರ ಮಿತಿ.

'ಫಿಡೆಲಿಟಿ'ಯನ್ನು ನೋಡಿ. ಮೂಲಾರ್ಥ ನಿಷ್ಠೆ; ಇಲ್ಲಿ, ನಿಜಕ್ಕೆ ಎಷ್ಟು ಹತ್ತಿರ ಎಂಬ ಅಳತೆ. ಬಳಕೆಯಲ್ಲಾದರೋ ಅದು ಬೆಲೆಯ ಅಳತೆಯಾಗಿಬಿಟ್ಟಿದೆ: ದುಬಾರಿ ಯಂತ್ರಗೊಂಬೆ 'ಹೈ', ಸಾದಾ ಗೊಂಬೆ 'ಲೋ'. ಸೂಜಿ ಚುಚ್ಚಲು ಕಲಿಯುವವರಿಗೆ ಹಿಂದಿನಿಂದಲೂ ಕಿತ್ತಳೆ ಹಣ್ಣು ಒದಗಿಬಂದಿದೆ. ಅದು ತೋಳಿನಂತೆ ಕಾಣುವುದಿಲ್ಲ, ಆದರೆ ಕೆಲಸ ಕಲಿಸುತ್ತದೆ. ಹ್ಯಾಮ್‌ಸ್ಟ್ರಾ ಮತ್ತು ಸಂಗಡಿಗರು 2014ರಲ್ಲೇ ಈ ಪದವನ್ನು ಕೈಬಿಟ್ಟು, ರೂಪದ ಹೋಲಿಕೆ ಬೇರೆ, ಕೆಲಸದ ಹೊಂದಾಣಿಕೆ ಬೇರೆ ಎಂದು ವಿಂಗಡಿಸಬೇಕೆಂದರು. ನನಗೂ ಅದೇ ಸರಿ ಎನಿಸುತ್ತದೆ.

ಅಭ್ಯಾಸದಲ್ಲಿ ಗುಟ್ಟಾಗಿ ಪಾತ್ರ ವಹಿಸುವವನು 'ಕಾನ್ಫೆಡರೇಟ್'. ನಮ್ಮ ಕಚೇರಿಯ ಮಾತಿನಲ್ಲಿ 'ಶಾಮೀಲಾದವನು'! ಇಲಾಖಾ ವಿಚಾರಣೆಯ ವಾಸನೆಯುಳ್ಳ ಈ ಪದಕ್ಕಿಂತ, ಈಗ ಬಳಕೆಗೆ ಬಂದಿರುವ 'ಎಂಬೆಡೆಡ್ ಪಾರ್ಟಿಸಿಪೆಂಟ್' ಮೇಲು. ಕನ್ನಡದಲ್ಲಿ 'ಸಹಪಾತ್ರಿ' ಸಾಕು.

ಎಲ್ಲಕ್ಕಿಂತ ಮುಖ್ಯವಾದುದು ನಟರೋಗಿ. ಹೊವರ್ಡ್ ಬ್ಯಾರೋಸ್ ಎಂಬ ನರರೋಗತಜ್ಞರು 1963ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಈ ಪದ್ಧತಿಯನ್ನು ಆರಂಭಿಸಿದಾಗ ಇಟ್ಟ ಹೆಸರು 'ಪ್ರೋಗ್ರಾಮ್ಡ್ ಪೇಷೆಂಟ್'. ಅದು ಮುಂದೆ 'ಸಿಮ್ಯುಲೇಟೆಡ್' ಆಯಿತು, 'ಸ್ಟ್ಯಾಂಡರ್ಡೈಸ್ಡ್' ಆಯಿತು. ಪರೀಕ್ಷೆಯಲ್ಲಿ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಬಗೆಯ ರೋಗಿ ಎದುರಾಗಬೇಕೆಂಬುದು ಈ ಕೊನೆಯ ಹೆಸರಿನ ನ್ಯಾಯ. ಆದರೆ ಆ ಸಿದ್ಧರೋಗಿ ಯಾವ ಭಾಷೆಯಲ್ಲಿ ನರಳಬೇಕು?

ನನ್ನ ಕಾರಣ ಇಲ್ಲಿದೆ. ಕೆಲವು ವರ್ಷಗಳ ಹಿಂದೆ ಈ ಊರಿನ ಆಸ್ಪತ್ರೆಯೊಂದಕ್ಕೆ ನನ್ನ ತಾಯಿಯನ್ನು ಕರೆದೊಯ್ದಿದ್ದೆ. ಎದೆ ನೋವುಂಟೇ ಎಂದು ವೈದ್ಯರು ಹಿಂದಿಯಲ್ಲಿ ಕೇಳಿದರು. ಅಮ್ಮ, "ನೋವಲ್ಲಪ್ಪ, ಒದ್ದೆ ಬಟ್ಟೆ ಹಿಂಡಿದ ಹಾಗೆ" ಎಂದರು. ನಾನು ಅವಸರದಲ್ಲಿ "ನೋವಿಲ್ಲವಂತೆ" ಎಂದಷ್ಟೇ ಹೇಳಿಬಿಟ್ಟೆ. ಇ.ಸಿ.ಜಿ. ತಡವಾಯಿತು. ದೈವಕೃಪೆಯಿಂದ ಅಮ್ಮ ಉಳಿದರು. ತಪ್ಪು ವೈದ್ಯರದಲ್ಲ, ನನ್ನದು. ಹೃದಯದ ತೊಂದರೆ ಎಷ್ಟೋ ಸಲ ನೋವಾಗಿ ಬಾರದೆ ಹಿಂಡುವಿಕೆಯಾಗಿ, ಭಾರವಾಗಿ ಬರುತ್ತದೆಂದು ಆಮೇಲೆ ತಿಳಿಯಿತು.

ಕೋಶದಲ್ಲಿ ಕನ್ನಡವಿಲ್ಲವೆಂದು ನನ್ನ ದೂರಿಲ್ಲ. ನಮ್ಮ ನಾಡಿನ ತರಬೇತಿಯಲ್ಲಿ "ಎದೆ ಹಿಂಡುತ್ತದೆ", "ಹೊಟ್ಟೆ ತೊಳಸುತ್ತದೆ", "ಜೀವ ತಲ್ಲಣಿಸುತ್ತದೆ" ಎನ್ನುವ ನಟರೋಗಿಯೂ ಇರಲಿ. ನಿಷ್ಠೆ ಎಂಬ ಪದವನ್ನು ಉಳಿಸಿಕೊಳ್ಳುವುದಾದರೆ ಅದು ಮೊದಲು ರೋಗಿಯ ಮಾತಿಗೆ ಸಲ್ಲಲಿ.