ರೋಗಿಯನ್ನು ಮರೆಯದ ಗ್ರಂಥ

ಶಿರಾ ತಾಲ್ಲೂಕಿನ ತಾವರೆಕೆರೆಯಲ್ಲಿ ನಮ್ಮ ಹಳೆಯ ಮನೆಯ ಅಟ್ಟದ ಮೇಲೆ ನನ್ನ ತಾತನವರ ಕೈಬರಹದ ಪುಸ್ತಕವೊಂದಿದೆ. ಅವರು ವೃತ್ತಿಯಿಂದ ವೈದ್ಯರಲ್ಲ. ಊರವರು ಕೇಳಿದಾಗ ಬೇರುನಾರು ಅರೆದು ಕೊಡುತ್ತಿದ್ದವರು. ಕೆಮ್ಮಿಗೆ ಹಿಪ್ಪಲಿ, ಹೊಟ್ಟೆಯುಬ್ಬರಕ್ಕೆ ಇಂಗು, ಮಗುವಿನ ನಾಲಗೆಗೆ ಬಜೆ, ಹೀಗೆ ಪುಟಪುಟವೂ ತುಂಬಿದೆ. ಆದರೆ ಆ ಮದ್ದನ್ನು ಕುಡಿದವರು ಯಾರು, ಅವರಿಗೆ ಗುಣವಾಯಿತೆ ಇಲ್ಲವೆ, ಎಂಬ ಮಾತು ಎಲ್ಲಿಯೂ ಇಲ್ಲ. ಇದು ನನಗೆ ಬಹುಕಾಲ ಕೊರತೆಯೆಂದು ತೋರಿರಲಿಲ್ಲ. ವೈದ್ಯದ ಪುಸ್ತಕವೆಂದರೆ ಹಾಗೆಯೇ ಇರತಕ್ಕದ್ದೆಂದು ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದ್ದು ವೈದ್ಯಗ್ರಂಥವೇ ಅಲ್ಲದ ಒಂದು ಗ್ರಂಥ: ಪಾಳಿಯ ಮಹಾವಗ್ಗ.

ಮಹಾವಗ್ಗವು ವಿನಯಪಿಟಕದ ಒಂದು ಭಾಗ. ಬೌದ್ಧ ಭಿಕ್ಷುಗಳ ನಡವಳಿಕೆಯ ಕಟ್ಟಳೆಗಳ ಸಂಗ್ರಹ. ಅದರ ಆರನೆಯ ಅಧ್ಯಾಯಕ್ಕೆ ಭೇಸಜ್ಜಕ್ಖಂಧಕ, ಎಂದರೆ ಔಷಧಗಳ ಪ್ರಕರಣ, ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರೀಸ್ ಡೇವಿಡ್ಸ್ ಮತ್ತು ಓಲ್ಡನ್‌ಬರ್ಗ್ ಇದನ್ನು ಇಂಗ್ಲಿಷಿಗೆ ತಂದರು. ಆಮೇಲೆ ಪಂಡಿತರು ಇದರಲ್ಲಿ ಪ್ರಾಚೀನ ವೈದ್ಯದ ಚರಿತ್ರೆಯನ್ನು ಹುಡುಕಿದ್ದಾರೆ. ಕೆನೆತ್ ಝಿಸ್ಕ್ ಅವರು 1991ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಆಯುರ್ವೇದದ ಅನುಭವಮೂಲವಾದ ಅಂಶ ಬೆಳೆದದ್ದು ಶ್ರಮಣರ ನಡುವೆ ಎಂದು ವಾದಿಸಿದರು. ಈ ವಾದವನ್ನು ತೂಗಿ ನೋಡುವುದು ವೈದ್ಯಚರಿತ್ರಕಾರರ ಕೆಲಸ. ಕನ್ನಡ ಪಾಠ ಹೇಳುವ ನನ್ನಂಥವನಿಗೆ ಎದ್ದ ಪ್ರಶ್ನೆ ಬೇರೆ: ಈ ಅಧ್ಯಾಯ ತನ್ನ ವಿಷಯವನ್ನು ಹೇಳುವ ರೀತಿ ಎಂಥದು? ಅದರ ಬೆಲೆಯೇನು?

ಅಧ್ಯಾಯ ಔಷಧದಿಂದ ಮೊದಲಾಗುವುದಿಲ್ಲ, ಸಂಕಟದಿಂದ ಮೊದಲಾಗುತ್ತದೆ. ಶ್ರಾವಸ್ತಿಯಲ್ಲಿ ಶರತ್ಕಾಲದ ರೋಗ ತಗುಲಿದ ಭಿಕ್ಷುಗಳಿಗೆ ಗಂಜಿ ನಿಲ್ಲದು, ಅನ್ನ ನಿಲ್ಲದು. ಬಡಕಲಾಗಿ ನರಗಳೆದ್ದು ಕಾಣುತ್ತವೆ. ಬುದ್ಧನು ತುಪ್ಪ, ಬೆಣ್ಣೆ, ಎಣ್ಣೆ, ಜೇನು, ಬೆಲ್ಲ ಎಂಬ ಐದನ್ನು ಔಷಧವಾಗಿ, ಊಟದ ಹೊತ್ತಿನೊಳಗೆ ತೆಗೆದುಕೊಳ್ಳಲು ಅನುಮತಿಸುತ್ತಾನೆ. ಗುಣವಾಗುವುದಿಲ್ಲ, ಮೊದಲೇ ಅನ್ನ ಸೇರದವರು ಜಿಡ್ಡಿನಿಂದ ಮತ್ತಷ್ಟು ಸೊರಗುತ್ತಾರೆ. ಆಗ ಹೊತ್ತಿನ ಕಟ್ಟು ಸಡಿಲವಾಗುತ್ತದೆ: ಯಾವಾಗ ಬೇಕಾದರೂ ತೆಗೆದುಕೊಳ್ಳಬಹುದು. ಮೊದಲನೆಯ ಅನುಮತಿ ಸಾಲದೆ ಹೋಯಿತೆಂಬುದನ್ನು ಗ್ರಂಥ ಮುಚ್ಚಿಡುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಪಿಲಿಂದವಚ್ಛನೆಂಬ ಭಿಕ್ಷುವಿನ ತಲೆನೋವಿನ ಪ್ರಸಂಗ ಇನ್ನೂ ಸ್ವಾರಸ್ಯವಾದದ್ದು. ಮೊದಲು ತಲೆಗೆ ಎಣ್ಣೆ, ಗುಣವಿಲ್ಲ. ಮೂಗಿಗೆ ನಸ್ಯ, ಅದು ಹೊರಗೆ ಸೋರುತ್ತದೆ. ಅದಕ್ಕೊಂದು ನಳಿಗೆ, ಎರಡು ಹೊಳ್ಳೆಗೂ ಸಮನಾಗಿ ಬೀಳದು. ಆದುದರಿಂದ ಜೋಡಿ ನಳಿಗೆ. ಅದೂ ಫಲಿಸದಾಗ ಹೊಗೆ. ಬತ್ತಿಯಿಂದಲೇ ಸೇದಿ ಗಂಟಲು ಸುಡುತ್ತದೆ. ಆಮೇಲೆ ಹೊಗೆಕೊಳವೆ. ಒಂದು ತಲೆನೋವಿನ ಹಿಂದೆ ಒಂದು ನಿಯಮ ಹೀಗೆ ಆರು ಹೆಜ್ಜೆ ನಡೆದು ಬರುತ್ತದೆ. ಅರಿಸಿನ, ಶುಂಠಿ, ಬಜೆ, ಲಾವಂಚ ಮುಂತಾದ ಬೇರುಗಳಿಗೆ ಅನುಮತಿ ದೊರೆತ ಕೂಡಲೆ ಅವನ್ನು ಅರೆಯುವುದು ಹೇಗೆಂಬ ತೊಂದರೆ ಬರುತ್ತದೆ. ಅರೆಯುವ ಕಲ್ಲಿಗೂ ಅದರ ಮರಿಗಲ್ಲಿಗೂ ಅಪ್ಪಣೆಯಾಗುತ್ತದೆ. ಸಣ್ಣ ಕಲ್ಲನ್ನು ದೊಡ್ಡ ಕಲ್ಲಿನ ಮರಿಯೆಂದೇ ಪಾಳಿ ಕರೆಯುತ್ತದೆ. ಅಡುಗೆಮನೆಯನ್ನು ಕಂಡವರು ಆಡಿದ ಮಾತಿದು.

ನಮ್ಮೂರಿನ ಹೆಸರಿನಲ್ಲಿರುವ ತಾವರೆಯೂ ಇಲ್ಲಿ ಬರುತ್ತದೆ. ಸಾರಿಪುತ್ತನಿಗೆ ಮೈಯೆಲ್ಲ ಉರಿಯುವ ಜ್ವರ. ಹಿಂದೆ ಇಂಥ ಜ್ವರ ಬಂದಾಗ ಯಾವುದರಿಂದ ಹಿತವಾಗಿತ್ತೆಂದು ಮೊಗ್ಗಲ್ಲಾನನು ಕೇಳುತ್ತಾನೆ. ತಾವರೆಯ ಗಡ್ಡೆ, ದಂಟು ಎಂದು ಉತ್ತರ. ಮೊಗ್ಗಲ್ಲಾನನು ಮಂದಾಕಿನಿ ಸರೋವರಕ್ಕೆ ಹೋಗಿ ತರುವ ಭಾಗ ಪವಾಡದ ಕಥೆಯಾಯಿತು, ಇರಲಿ. ಆದರೆ ಚಿಕಿತ್ಸೆ ಹೊರಟದ್ದು ರೋಗಿಯನ್ನು ಕೇಳಿದ ಆ ಒಂದು ಪ್ರಶ್ನೆಯಿಂದ.

ಈಗ ನನ್ನ ವಿಷಯವನ್ನೂ ಸ್ವಲ್ಪ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಗಳಿಗೆ ಪ್ರಾಚೀನ ಭಾರತದ ವೈದ್ಯವನ್ನು ಕುರಿತು ಒಂದು ಭಾಷಣ ಮಾಡುವುದಿತ್ತು. ಜೀವಕನು ರಾಜಗೃಹದ ಶ್ರೇಷ್ಠಿಯ ತಲೆಬುರುಡೆಯನ್ನು ತೆರೆದು ಎರಡು ಹುಳುಗಳನ್ನು ಹೊರತೆಗೆದ ಕಥೆಯನ್ನು ಎದೆಯುಬ್ಬಿಸಿ ಹೇಳಬೇಕೆಂದು ಗುರುತು ಹಾಕಿಕೊಂಡಿದ್ದೆ. ಅದೇ ಸಮಯದಲ್ಲಿ ತಾವರೆಕೆರೆಯಲ್ಲಿ ನಮ್ಮ ತಾಯಿ ಹಾಸಿಗೆ ಹಿಡಿದರು. ರಜಾ ಹಾಕಿ ಹೋದೆ. ಔಷಧ ತಂದೆ, ಡಾಕ್ಟರರನ್ನು ಕರೆತಂದೆ, ಹಣ ಕೊಟ್ಟೆ. ಹಾಸಿಗೆ ಕೆಟ್ಟಾಗ ಮಾತ್ರ ಅಂಗಳಕ್ಕೆ ಬಂದು ನಿಂತೆ. ಒಳಗೆ ಹೋಗಿ ಮೈ ಒರೆಸಿ ಬಟ್ಟೆ ಬದಲಿಸಿದವರು ಪಕ್ಕದ ಮನೆಯ ಅಕ್ಕ. ಹೊರಗೆ ಬಂದ ಆಕೆ, “ನೀರು ಸೇದಿಕೊಡಿ ಮೇಷ್ಟ್ರೇ, ಅಷ್ಟಾದರೂ ಆಗುತ್ತದಲ್ಲ” ಎಂದರು. ಆ ಮಾತಿನಲ್ಲಿ ಹಂಗಿಸುವ ಉದ್ದೇಶವಿರಲಿಲ್ಲ. ಆದುದರಿಂದಲೇ ಅದು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆ ರಾತ್ರಿ ಓದಿದಾಗ ಕಣ್ಣಿಗೆ ಬಿದ್ದದ್ದು ನಾನು ಗುರುತು ಹಾಕದೆ ದಾಟಿದ್ದ ಪುಟ. ಜೀವಕನ ಕಥೆಯೂ ಈ ಪುಟವೂ ಇರುವುದು ಔಷಧದ ಪ್ರಕರಣದಲ್ಲಲ್ಲ, ಚೀವರ ಎಂಬ ಬಟ್ಟೆಯ ಪ್ರಕರಣದಲ್ಲಿ. ಹೊಟ್ಟೆಬೇನೆಯ ಭಿಕ್ಷುವೊಬ್ಬ ತನ್ನ ಮಲಮೂತ್ರದಲ್ಲಿಯೇ ಬಿದ್ದಿದ್ದಾನೆ. ಉಳಿದವರು ಏಕೆ ನೋಡುವುದಿಲ್ಲವೆಂದರೆ, ಇವನಿಂದ ಅವರಿಗೆ ಏನೂ ಉಪಯೋಗವಾಗಿರಲಿಲ್ಲ. ಬುದ್ಧನು ನೀರು ಹೊಯ್ಯುತ್ತಾನೆ, ಆನಂದನು ತೊಳೆಯುತ್ತಾನೆ. ತಲೆಯ ಕಡೆ ಒಬ್ಬ, ಕಾಲ ಕಡೆ ಒಬ್ಬ ಹಿಡಿದೆತ್ತಿ ಮಂಚದ ಮೇಲೆ ಮಲಗಿಸುತ್ತಾರೆ. ತನಗೆ ಸೇವೆ ಮಾಡಬಯಸುವವರು ರೋಗಿಗೆ ಮಾಡಲೆಂದು ಬುದ್ಧನು ಹೇಳುವುದು ಇದಾದ ಮೇಲೆ. ಶುಶ್ರೂಷೆ ಮಾಡುವವನ ಲಕ್ಷಣಗಳ ಪಟ್ಟಿ ಬರುವುದೂ ಇಲ್ಲಿಯೇ: ಮದ್ದು ಸಿದ್ಧಪಡಿಸಬಲ್ಲವನು, ಹಿತಾಹಿತ ತಿಳಿದವನು, ಲಾಭಕ್ಕಲ್ಲದೆ ಪ್ರೀತಿಯಿಂದ ಮಾಡುವವನು, ಹೇಸದೆ ಮಲಮೂತ್ರ ವಾಂತಿಗಳನ್ನು ತೆಗೆಯುವವನು, ಸಮಯದಲ್ಲಿ ಧರ್ಮದ ಮಾತಾಡಿ ಮನಸ್ಸಿಗೆ ಉಲ್ಲಾಸ ಕೊಡುವವನು. ಚರಕಸಂಹಿತೆಯೂ ಪರಿಚಾರಕನನ್ನು ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಒಂದಾಗಿ ಎಣಿಸುತ್ತದೆ. ಆದರೆ ಅಲ್ಲಿ ಲಕ್ಷಣ ಮಾತ್ರವಿದೆ. ಇಲ್ಲಿ ಲಕ್ಷಣದ ಹಿಂದೆ ತೊಳೆದ ಕೈಗಳಿವೆ.

ನಮ್ಮ ಕನ್ನಡದ ವೈದ್ಯಗ್ರಂಥಗಳನ್ನು ಇದರ ಪಕ್ಕದಲ್ಲಿಟ್ಟು ನೋಡುವುದು ತಪ್ಪಾಗಲಾರದು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಹದಿನಾಲ್ಕನೆಯ ಶತಮಾನದ ಮಂಗರಾಜನ ವಿಷವೈದ್ಯಗ್ರಂಥ ಖಗೇಂದ್ರಮಣಿದರ್ಪಣ, ಇವು ಜೈನರು ನಮ್ಮ ಭಾಷೆಗೆ ಕೊಟ್ಟ ದೊಡ್ಡ ಕಾಣಿಕೆಗಳು. ವಿನಯವು ಕರಡಿ, ಮೀನು, ಹಂದಿಗಳ ಕೊಬ್ಬನ್ನೂ ರೋಗಿಗೆ ಒಪ್ಪುತ್ತದೆ. ಸೋಮನಾಥನ ಚಿಕಿತ್ಸೆಯಾದರೋ ಮದ್ಯಮಾಂಸಗಳನ್ನು ಬಿಟ್ಟದ್ದು. ಅಲ್ಲಿ ರೋಗಕ್ಕಾಗಿ ನಿಯಮ ಬಾಗಿತು. ಇಲ್ಲಿ ನಿಯಮ ಬಾಗದಂತೆ ಮದ್ದನ್ನು ಹುಡುಕಿದರು. ಎರಡನೆಯದೂ ಸಾಮಾನ್ಯ ಸಾಧನೆಯಲ್ಲ. ಆದರೂ ಶಾಸ್ತ್ರಕ್ಕೆ ರೋಗ ಬೇಕು, ಹೆಸರುಳ್ಳ ರೋಗಿ ಬೇಕಿಲ್ಲ. ನಮ್ಮಲ್ಲಿ ರೋಗಿ ಕಾಣಿಸಿಕೊಳ್ಳುವುದು ಕಲ್ಲಿನ ಮೇಲೆ: ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನ, ಆ ಮಠವು ದೀನರು, ಕುಂಟರು, ಕುರುಡರಿಗೆ ಅನ್ನವಿಡುವ ಸ್ಥಳವೆಂದೂ ಅನಾಥ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಳವೆಂದೂ ಹೊಗಳುತ್ತದೆ. ಅದು ಶೈವಮಠ. ಅದೇ ಊರಿನಲ್ಲಿ ಹನ್ನೊಂದನೆಯ ಶತಮಾನದಲ್ಲಿ ಬೌದ್ಧ ವಿಹಾರವೂ ಇತ್ತು. ಕರುಣೆ ಯಾವ ಒಂದು ಮತದ ಸ್ವತ್ತೂ ಅಲ್ಲ.

ಹಾಗೆಂದು ಮಹಾವಗ್ಗವನ್ನು ದೋಷವಿಲ್ಲದ ಗ್ರಂಥವೆಂದು ಹೊಗಳಲಾರೆ. ಮಗಧದಲ್ಲಿ ಕುಷ್ಠ, ಹುಣ್ಣು, ತೊನ್ನು, ಕ್ಷಯ, ಅಪಸ್ಮಾರ ಹರಡಿದಾಗ ಜೀವಕನು ನೋಡುತ್ತಿದ್ದದ್ದು ಅರಸನನ್ನೂ ಸಂಘವನ್ನೂ ಮಾತ್ರ. ಚಿಕಿತ್ಸೆಗೆಂದೇ ಜನ ಸಂಘ ಸೇರಿದರು. ಗುಣವಾದವನೊಬ್ಬ ಸಂಘ ಬಿಟ್ಟು ಹೋದ. ಜೀವಕನು ಬೇಡಿಕೊಂಡನು, ಈ ಐದು ರೋಗವುಳ್ಳವರಿಗೆ ದೀಕ್ಷೆ ಕೊಡಬಾರದೆಂದು ಬುದ್ಧನು ವಿಧಿಸಿದನು. ಬಾಗಿಲು ಮುಚ್ಚಿತು. ಆ ಹೊರಗುಳಿದವರು ಏನಾದರೆಂದು ಗ್ರಂಥ ಹೇಳುವುದಿಲ್ಲ. ಆದರೆ ಅವರು ಬಂದಿದ್ದರು, ಎಷ್ಟು ಕಷ್ಟದಿಂದ ಬಂದಿದ್ದರು ಎಂಬುದನ್ನು ಅಳಿಸಿಯೂ ಇಲ್ಲ. ತನಗೆ ಕೀರ್ತಿ ತಾರದ ಸಂಗತಿಯನ್ನೂ ಬರೆದಿಡುವ ಈ ಪ್ರಾಮಾಣಿಕತೆಯೇ ನನ್ನ ಅಭಿಪ್ರಾಯದಲ್ಲಿ ಇದರ ದೊಡ್ಡ ಗುಣ.

ಇಂಥ ಗ್ರಂಥಗಳನ್ನು ನಮ್ಮ ಹಿರಿಯರ ಜಾಣತನಕ್ಕೆ ಸಾಕ್ಷಿಯಾಗಿ ಮಾತ್ರ ಓದಿದರೆ ಬುರುಡೆ ತೆರೆದ ಕಥೆ ದೊರೆಯುತ್ತದೆ, ನೀರು ಹೊಯ್ದ ಕಥೆ ತಪ್ಪಿಹೋಗುತ್ತದೆ. ನಾನು ಆ ಭಾಷಣ ಮಾಡಿದೆ. ಜೀವಕನ ಕಥೆಯನ್ನು ಬಿಡಲಿಲ್ಲ, ಆದರೆ ಅದಕ್ಕೆ ಮುಂಚೆ ಇನ್ನೊಂದನ್ನು ಹೇಳಿದೆ. ನಮ್ಮ ತಾಯಿ ಆ ಬೇನೆಯಿಂದ ಏಳಲಿಲ್ಲ.

ವಾಚಕರಲ್ಲಿ ಹಲವರ ಮನೆಗಳಲ್ಲಿಯೂ ನಮ್ಮ ತಾತನವರದರಂಥ ಪುಸ್ತಕಗಳಿರಬಹುದು. ಅವನ್ನು ಕಾಪಾಡಿ ಎಂದು ಹೇಳುವವರು ಬೇಕಾದಷ್ಟಿದ್ದಾರೆ. ನನ್ನ ಬಿನ್ನಹ ಇಷ್ಟೆ: ಮನೆಯ ಹಿರಿಯರು ಇರುವಾಗಲೇ ಅವರನ್ನು ಕೇಳಿ, ಮದ್ದಿನ ಹೆಸರಿನ ಪಕ್ಕದಲ್ಲಿ ಅದನ್ನು ಕುಡಿದವರು ಯಾರು, ಗುಣವಾಯಿತೊ ಇಲ್ಲವೊ, ಅವರನ್ನು ನೋಡಿಕೊಂಡವರು ಯಾರು ಎಂದು ಬರೆದಿಡಿ. ನಮ್ಮ ಪುಸ್ತಕದ ಕೊನೆಯಲ್ಲಿ ಎರಡು ಹಾಳೆ ಖಾಲಿಯಿದ್ದವು. ಅಲ್ಲಿ ನಮ್ಮ ತಾಯಿಯ ಹೆಸರನ್ನು ಬರೆದು, ಅದರ ಕೆಳಗೆ ಪಕ್ಕದ ಮನೆಯ ಅಕ್ಕನ ಹೆಸರನ್ನು ಬರೆದಿದ್ದೇನೆ.