ಪುಣ್ಯಕೋಟಿಯ ಕಥೆಯ ಚಿತ್ರಪುಸ್ತಕಗಳು

ಮಕ್ಕಳ ಚಿತ್ರಪುಸ್ತಕವು ಈ ಪತ್ರಿಕೆಯಲ್ಲಿ ವಿಮರ್ಶೆಗೆ ವಿಷಯವಾಗತಕ್ಕದ್ದೇ ಎಂದು ವಾಚಕರಲ್ಲಿ ಕೆಲವರು ಸಂದೇಹಪಡಬಹುದು. ನನಗೂ ಮೊದಲು ಹಾಗೆಯೇ ತೋರಿತ್ತು. ಈಚೆಗೆ ಒಂದು ಪ್ರಾಥಮಿಕ ಪಾಠಶಾಲೆಯವರು ಪುಣ್ಯಕೋಟಿಯ ಕಥೆಯನ್ನು ಹೇಳುವ ಮೂರು ಚಿತ್ರಪುಸ್ತಕಗಳನ್ನು ನನ್ನ ಮುಂದಿಟ್ಟು, ಇವುಗಳಲ್ಲಿ ಒಂದನ್ನು ಆರಿಸಿಕೊಡಬೇಕೆಂದು ಕೇಳಿದರು. ಅರ್ಧ ಗಳಿಗೆಯ ಕೆಲಸವೆಂದು ಒಪ್ಪಿಕೊಂಡೆನು. ಎರಡು ವಾರ ಹಿಡಿಯಿತು. ಆ ಪುಸ್ತಕಗಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅವುಗಳಲ್ಲಿ ಕಂಡ ಗುಣದೋಷಗಳು ಬೇರೆ ಪುಸ್ತಕಗಳಲ್ಲಿಯೂ ಕಾಣತಕ್ಕವೇ ಆಗಿರುವುದರಿಂದ ಹೆಸರುಗಳಿಂದ ಪ್ರಯೋಜನವಿಲ್ಲ.

ಕಥೆಗೆ ಆಕರವಾದ 'ಗೋವಿನ ಹಾಡು' ಕರ್ತೃವಿನ ಹೆಸರಿಲ್ಲದೆ ಬಾಯಿಂದ ಬಾಯಿಗೆ ನಡೆದುಬಂದ ಕೃತಿ. ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದಮೇಲೊಂದು ಬರುವ ನಡೆ, ನಾಲ್ಕು ಪಾದಗಳ ಪದ್ಯ, ಆದಿಪ್ರಾಸ. ಓದುವುದಕ್ಕಿಂತ ಹಾಡುವುದಕ್ಕೇ ಹುಟ್ಟಿದ್ದು. ಚಿತ್ರಪುಸ್ತಕಗಳನ್ನು ರಚಿಸುವವರು ಹೆಚ್ಚಾಗಿ ಪಠ್ಯಪುಸ್ತಕದ ಸಂಕ್ಷೇಪವನ್ನೇ ಮೂಲವೆಂದು ಹಿಡಿಯುತ್ತಾರೆ. ಸಂಕ್ಷೇಪದಿಂದ ಮತ್ತೊಂದು ಸಂಕ್ಷೇಪ ಹುಟ್ಟಿದರೆ ಉಳಿಯುವುದು ಹಸು, ಹುಲಿ, ಒಂದು ನೀತಿ, ಇಷ್ಟೇ. ಗಂಗೆ, ಗೌರಿ, ತುಂಗಭದ್ರೆ ಎಂದು ಕಾಳಿಂಗಗೊಲ್ಲನು ಒಂದೊಂದು ಹಸುವನ್ನೂ ಹೆಸರು ಹಿಡಿದು ಕರೆಯುವ ಭಾಗವನ್ನು ಅಲಂಕಾರವೆಂದು ತಿಳಿದು ಬಿಡತಕ್ಕದ್ದಲ್ಲ. ಹೆಸರಿರುವ ಹಸುಗಳಾದುದರಿಂದಲೇ ಮುಂದೆ ಪುಣ್ಯಕೋಟಿಯು ತನ್ನ ಕರುವನ್ನು ಅವುಗಳ ವಶಕ್ಕೆ ಒಪ್ಪಿಸುವ ಮಾತಿಗೆ ಬಲ ಬರುತ್ತದೆ.

ಮೊದಲನೆಯ ಪುಸ್ತಕವು ಮುದ್ರಣದಲ್ಲಿ ಮೂರರಲ್ಲಿಯೂ ಚೆಲುವಾದದ್ದು. ಅದರಲ್ಲಿ ಹುಲಿಯು ಸಾಯುವುದಿಲ್ಲ. ಪುಣ್ಯಕೋಟಿಯು ಮಾತಿಗೆ ತಪ್ಪದೆ ಮರಳಿದುದನ್ನು ಕಂಡು ತಪ್ಪಾಯಿತೆಂದು ಹೇಳಿ, ಕರುವಿನೊಡನೆ ಆಟವಾಡುತ್ತದೆ. ಎಳೆಯ ಮನಸ್ಸಿಗೆ ನೋವಾಗಬಾರದೆಂಬುದು ಮುನ್ನುಡಿಯ ಸಮಾಧಾನ. ಇದನ್ನು ಒಮ್ಮೆಗೇ ತಳ್ಳಿಹಾಕುವುದು ಸಂಸ್ಕೃತ ಓದಿದವನಿಗೆ ಸಾಧ್ಯವಲ್ಲ. ಇತಿಹಾಸದಿಂದ ಬಂದ ಕಥೆಯಲ್ಲಿ ರಸಕ್ಕೆ ಹೊಂದದ ಅಂಶವಿದ್ದರೆ ಕವಿಯು ಅದನ್ನು ಬಿಟ್ಟು ಬೇರೆ ಕಲ್ಪಿಸಿಕೊಳ್ಳಬೇಕೆಂದು ಆನಂದವರ್ಧನನೇ ಧ್ವನ್ಯಾಲೋಕದಲ್ಲಿ ವಿಧಿಸಿರುವನು. ಭವಭೂತಿಯು ಉತ್ತರರಾಮಚರಿತದಲ್ಲಿ ಸೀತಾರಾಮರನ್ನು ಕೂಡಿಸಿಯೇ ನಾಟಕವನ್ನು ಮುಗಿಸಿದನು. ಅಷ್ಟೇ ಅಲ್ಲ, ಈ ಕಥೆಯ ಪೌರಾಣಿಕ ಸೋದರಿಯೂ ಹುಲಿಯ ಪಕ್ಷದಲ್ಲಿಯೇ ಇದ್ದಾಳೆ. ಪದ್ಮಪುರಾಣದ ಸೃಷ್ಟಿಖಂಡದಲ್ಲಿ ನಂದಾ ಎಂಬ ಗೋವು ಇದೇ ರೀತಿ ಮಾತು ಕೊಟ್ಟು ಮರಳುತ್ತಾಳೆ; ಅಲ್ಲಿಯ ಹುಲಿಯು ಪ್ರಭಂಜನನೆಂಬ ಅರಸು, ಹೆಣ್ಣುಜಿಂಕೆಯೊಂದರ ಶಾಪದಿಂದ ಹುಲಿಯಾದವನು. ಅವನಿಗೆ ಶಾಪವಿಮೋಚನೆಯಾಗುತ್ತದೆ, ಸಾವಿಲ್ಲ.

ಹಾಗಾದರೆ ಮೊದಲನೆಯ ಪುಸ್ತಕದವರದು ಸರಿಯಾದ ದಾರಿಯೇ? ಎರಡು ದಿನ ಈ ಪ್ರಶ್ನೆ ನನ್ನನ್ನು ಕಾಡಿತು. ಉತ್ತರ ದೊರೆತದ್ದು ಗ್ರಂಥದಲ್ಲಲ್ಲ. ಆ ಪುಸ್ತಕವನ್ನು ಶಾಲೆಯಲ್ಲಿ ಓದಿ ಕೇಳಿಸಿದಾಗ ಎರಡನೆಯ ತರಗತಿಯ ಒಬ್ಬ ಹುಡುಗಿ, "ಆಮೇಲೆ ಹುಲಿ ಏನು ತಿಂತು?" ಎಂದು ಕೇಳಿದಳು. ಉಪಾಧ್ಯಾಯಿನಿಯೂ ನಾನೂ ಸುಮ್ಮನಾದೆವು. ಪುರಾಣದ ಹುಲಿಯು ಅರಸನಾಗಿ ಎದ್ದುದರಿಂದ ಅವನ ಹಸಿವಿಗೆ ಉತ್ತರವುಂಟು. ನಮ್ಮ ಹಾಡಿನ ಅರ್ಬುತನು ಹಿಂದೆ ಅರಸನಲ್ಲ. ಅವನಿಗೆ ಶಾಪವೂ ಇಲ್ಲ, ವಿಮೋಚನೆಯೂ ಇಲ್ಲ. ಅವನು ಹುಟ್ಟು ಹುಲಿ, ಹಸಿದ ಹುಲಿ. ಎದುರಿಗೆ ನಿಂತವಳನ್ನು ಒಡಹುಟ್ಟಿದ ಅಕ್ಕನೆಂದು ಕರೆದಮೇಲೆ ತಿನ್ನಲಾರನು. ತಿನ್ನದೆ ಹುಲಿಯಾಗಿ ಬಾಳಲೂ ಆರನು. ಪೂರ್ವಜನ್ಮದ ಕಾರಣವನ್ನು ಕಳೆದುಹಾಕಿ, ಬರಿಯ ಸತ್ಯವೊಂದರಿಂದಲೇ ಕ್ರೂರಮೃಗದ ಹೃದಯವು ಒಡೆಯುವಂತೆ ಮಾಡಿದ್ದು ಕನ್ನಡದ ಹಾಡುಗಾರನ ಸ್ವಂತ ಸೃಷ್ಟಿ. ಈ ಒಂದು ಅಂಶದಲ್ಲಿ ಅವನು ಪುರಾಣಕಾರನನ್ನು ಮೀರಿಸಿದನೆಂದು ಹೇಳಲು ನಾನು ಹಿಂಜರಿಯುವುದಿಲ್ಲ. ಭವಭೂತಿಯಾದರೂ ಕೊನೆಯ ಮಿಲನಕ್ಕಾಗಿ ಏಳು ಅಂಕಗಳ ಉದ್ದಕ್ಕೂ ನೆಲವನ್ನು ಹದಮಾಡಿದನು. ಈ ಪುಸ್ತಕವು ಕೊನೆಯ ಪುಟದಲ್ಲಿ ಥಟ್ಟನೆ ಹುಲಿಯನ್ನು ಬೆಕ್ಕಾಗಿಸುತ್ತದೆ. ಮೊದಲ ಚಿತ್ರದಿಂದಲೇ ಅದು ನಗುಮುಖದ ಹುಲಿಯಾದುದರಿಂದ ಭಯಾನಕಕ್ಕೆ ಎಡೆಯೇ ಇಲ್ಲ. ಭಯವಿಲ್ಲದ ಕಡೆ ಮರಳಿ ಬಂದವಳ ಧೈರ್ಯಕ್ಕೆ ಬೆಲೆಯೇನು?

ಇನ್ನೊಂದು ಮಾತನ್ನು ಹೇಳದೆ ಮುಂದುವರಿಯಲಾರೆ. ಆ ಪುಸ್ತಕದ ಪುಣ್ಯಕೋಟಿಯು ಕಪ್ಪುಬಿಳುಪು ಮಚ್ಚೆಗಳ ಸೀಮೆಹಸು! ಹಿಣಿಲೂ ಇಲ್ಲ, ಗಂಗೆದೊಗಲೂ ಇಲ್ಲ. ತಾರ್ಕಿಕರು ಗೋವಿಗೆ ಹೇಳುವ ಲಕ್ಷಣವೇ ಸಾಸ್ನಾದಿಮತ್ತ್ವ, ಎಂದರೆ ಗಂಗೆದೊಗಲು ಮೊದಲಾದವು ಇರುವಿಕೆ. ಈ ಚಿತ್ರವನ್ನು ನೋಡಿ ತರ್ಕಸಂಗ್ರಹ ಓದುವ ಹುಡುಗನು ಅವ್ಯಾಪ್ತಿದೋಷಕ್ಕೆ ಹೊಸ ಉದಾಹರಣೆ ಸಿಕ್ಕಿತೆಂದು ಸಂತೋಷಪಡಬಹುದು.

ಎರಡನೆಯ ಪುಸ್ತಕದ ದೋಷವು ಇದಕ್ಕೆ ವಿರುದ್ಧವಾದದ್ದು. ಅದು ಮೂಲಕ್ಕೆ ನಿಷ್ಠವೆಂದು ಹೇಳಿಕೊಂಡು, ಬಂಡೆಯ ಬುಡದಲ್ಲಿ ರಕ್ತದ ಮಡುವಿನಲ್ಲಿ ಬಿದ್ದ ಹುಲಿಯನ್ನು ಎರಡು ಪುಟಗಳ ತುಂಬ ಚಿತ್ರಿಸಿದೆ. ಮೂಲದಲ್ಲಿ ಬಂಡೆಯೂ ಇಲ್ಲ, ರಕ್ತವೂ ಇಲ್ಲ. ಹುಲಿಯು ಹಾರಿ ನೆಗೆದು ಪ್ರಾಣ ಬಿಟ್ಟಿತೆಂಬಷ್ಟೇ ಉಂಟು. ಮಾತು ಹೇಳದೆ ಬಿಟ್ಟುದನ್ನು ಚಿತ್ರವು ಯಾವುದಾದರೊಂದು ಬಗೆಯಲ್ಲಿ ನಿಶ್ಚಯಿಸಲೇಬೇಕಾಗುತ್ತದೆ. ಚಿತ್ರಕಾರನ ವಿವೇಕವು ಕಾಣುವುದು ಅಲ್ಲಿಯೇ. ಉತ್ತರರಾಮಚರಿತದ ಮೊದಲನೆಯ ಅಂಕದ ಚಿತ್ರದರ್ಶನವನ್ನು ಸಹೃದಯರು ನೆನೆಯಬೇಕು. ಲಕ್ಷ್ಮಣನು ಚಿತ್ರಗಳನ್ನು ತೋರಿಸುತ್ತ ಕಥೆ ಹೇಳುತ್ತಾನೆ. ಶೂರ್ಪಣಖಿಯನ್ನು ಕಂಡು ಸೀತೆ ಬೆದರಿದಾಗ, ಇದು ಚಿತ್ರವಷ್ಟೇ ಎಂದು ರಾಮನು ಸಂತೈಸುತ್ತಾನೆ. ಮಂಥರೆಯ ಚಿತ್ರ ಬಂದಾಗಲಾದರೋ ಮರುಮಾತಾಡದೆ ಬೇರೆ ಕಡೆಗೆ ನೋಡಿ ಮುಂದಿನದನ್ನು ತೋರಿಸುತ್ತಾನೆ. ಭಯವನ್ನು ಎದುರಿಸಿ ನೋಡಬೇಕಾದ ಚಿತ್ರ ಯಾವುದು, ಪುಟ ಮಗುಚಿಬಿಡಬೇಕಾದ ಚಿತ್ರ ಯಾವುದು ಎಂಬ ಈ ತಾರತಮ್ಯವೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದುವವನಿಗೂ ಬೇಕು. ಹುಲಿಯ ಘರ್ಜನೆ ಮೊದಲನೆಯ ಬಗೆ. ರಕ್ತದ ಮಡು ಎರಡನೆಯದು. (ಪಶ್ಚಿಮದಲ್ಲಿಯೂ ಈ ತೊಡಕು ಹೊಸದಲ್ಲ. ಕೆಂಪು ಟೋಪಿಯ ಹುಡುಗಿಯ ಕಥೆಯನ್ನು 1697ರಲ್ಲಿ ಪೆರೋ ತೋಳವು ಅವಳನ್ನು ನುಂಗಿದಲ್ಲಿಗೆ ಮುಗಿಸಿದನು. 1812ರಲ್ಲಿ ಗ್ರಿಮ್ ಸೋದರರು ಬೇಟೆಗಾರನನ್ನು ತಂದು ಬದುಕಿಸಿದರು. ಆದರೆ ಅಲ್ಲಿ ತೋಳವು ಕೊನೆಯವರೆಗೂ ತೋಳವೇ.)

ಮೂರನೆಯದರ ಕಾಗದ ಒರಟು. ಅಚ್ಚಿನ ತಪ್ಪುಗಳು ಹದಿನಾಲ್ಕು. ಗದ್ಯವು ಕೆಲವೆಡೆ ವರದಿಯಂತೆ ಒಣಗಿದೆ. ಆದರೂ ಅದನ್ನೇ ಆರಿಸಿದೆನು. ಕರುವು ತಾಯಿಯನ್ನು ಬೇಡುವ, ತಾಯಿಯು ಉಳಿದ ಹಸುಗಳಿಗೆ ಅದನ್ನು ಒಪ್ಪಿಸುವ ಪ್ರಸಂಗಕ್ಕೆ ಅದು ನಾಲ್ಕು ಹಾಳೆಗಳನ್ನು ಕೊಟ್ಟಿದೆ. ಕಥೆಯ ಭಾರವಿರುವುದು ಅಲ್ಲಿ. ಪ್ರತಿಯೊಂದು ಹಸುವಿಗೂ ಬೇರೆ ಕೊಂಬು, ಬೇರೆ ಬಣ್ಣ. ಹುಲಿಯು ನೆಗೆದ ಚಿತ್ರದಲ್ಲಿ ಅದರ ಬೆನ್ನು, ಬಾಲ, ಮೇಲೆ ಬರಿಯ ಆಕಾಶ, ಕೆಳಗೆ ತಲೆ ತಗ್ಗಿಸಿದ ಪುಣ್ಯಕೋಟಿ. ಕೇಳುವ ಮಗುವು ಒಂದು ಕ್ಷಣ ಸುಮ್ಮನಾಗುತ್ತದೆ, ಹೆದರುವುದಿಲ್ಲ.

ಒಂದು ಕೊರತೆ ಮಾತ್ರ ಸಣ್ಣದಲ್ಲ. ಪುಸ್ತಕವು ಆ ಚಿತ್ರದಲ್ಲಿಯೇ ನಿಂತುಬಿಡುತ್ತದೆ. ಹಾಡು ನಿಲ್ಲುವುದಿಲ್ಲ, ಪುಣ್ಯಕೋಟಿಯು ದೊಡ್ಡಿಗೆ ಮರಳಿ ಕರುವಿಗೆ ಮೊಲೆಯುಣಿಸಿ, ಗೊಲ್ಲನನ್ನು ಕರೆದು ಸಂಕ್ರಾಂತಿಯ ಭಜನೆಯನ್ನು ವಿಧಿಸುತ್ತಾಳೆ. ಆ ಹಾಲಿನ ತೃಪ್ತಿಯಿಲ್ಲದೆ ಮಕ್ಕಳನ್ನು ಮನೆಗೆ ಕಳುಹಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಪುಸ್ತಕದ ಕೊನೆಯಲ್ಲಿ ಒಂದು ಖಾಲಿ ಹಾಳೆಯಿತ್ತು. ಆ ಪದ್ಯಗಳನ್ನು ಅದರಲ್ಲಿ ನಾನೇ ದೊಡ್ಡ ಅಕ್ಷರಗಳಲ್ಲಿ ಬರೆದು, ಇವನ್ನು ಓದದೆ ಹಾಡಬೇಕೆಂದು ಉಪಾಧ್ಯಾಯಿನಿಗೆ ತಿಳಿಸಿ, ಪುಸ್ತಕವನ್ನು ಶಾಲೆಗೆ ಒಪ್ಪಿಸಿದೆನು.